ಕರೆಂಟ್ ಮೇಡಂ, ಜೋಡಿ ಸಾಹೇಬ, ನನ್ನ ಜೀಪು

ಶಹಾಬಾದ ದಾಟಿ ವಾಡಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ನನ್ನ ಗ್ಯಾರೇಜು. ಗಾಡಿ ಕೆಟ್ಟರೆ ಮಂದಿ ಬರುತ್ತಾರೆ. ಕೆಡದಿದ್ದರೂ ಬರುತ್ತಾರೆ, ಎದುರಿಗೆ ಚಹಾದಂಗಡಿ ಇದೆ. ಹಾಗಾಗಿ ಕರೆಯದಿದ್ದರೂ ಇಂಥ ಪ್ರಸಂಗಗಳು ಬಂದು ನನ್ನ ಬಾಗಿಲ ಮುಂದೆಯೇ ಬ್ರೇಕ್ ಹಾಕುತ್ತವೆ. ನಲವತ್ತು ವರ್ಷದಿಂದ ಹೀಗೇ. ಈಚೆಗೆ ಸ್ವಲ್ಪ ಹೆಚ್ಚಾಗಿದೆ. ಅದಕ್ಕೆ ಕಾರಣ ಎರಡು ಹೊಸ ಕಾರು.

ಒಂದು ಬರೀ ಕರೆಂಟಿನದು. ಚಾರ್ಜ್ ಮಾಡಬೇಕು, ಓಡಿಸಬೇಕು, ಅಷ್ಟೇ. ಇನ್ನೊಂದಕ್ಕೆ ಚಾರ್ಜೂ ಮಾಡಬಹುದು, ಪೆಟ್ರೋಲೂ ಹಾಕಬಹುದು. ಅದಕ್ಕೆ ನಮ್ಮ ಕಡೆ ಜೋಡಿ ಕಾರು ಎಂದು ಹೆಸರು ಬಿತ್ತು. ಕರೆಂಟ್ ಕಾರು ಮಾರಲು ಬಂದವರು ಮೂವತ್ತು ದಾಟಿದ ಹೆಣ್ಣುಮಗಳು. ಮೊದಲು ಹೊಲಿಗೆ ಯಂತ್ರ ಮಾರುತ್ತಿದ್ದರಂತೆ. ಅವರು ಕರೆಂಟ್ ಮೇಡಂ. ಜೋಡಿ ಕಾರು ಮಾರಲು ಬಂದವರಿಗೆ ಐವತ್ತಾಗಿದೆ. ಮೊದಲು ಟ್ರ್ಯಾಕ್ಟರ್ ಮಾರುತ್ತಿದ್ದರು. ಅವರು ಜೋಡಿ ಸಾಹೇಬ. ಕಂಪನಿ ಬೇರೆ ಬೇರೆ. ತಿರುಗುವ ಊರು ಮಾತ್ರ ಅವೇ: ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಇವರು ಎದ್ದು ಹೋದ ಕುರ್ಚಿ ಆರುವುದರೊಳಗೆ ಅವರು ಬಂದು ಕೂರುತ್ತಿದ್ದರು.

1. ಕಿವಿ

ಮೊದಲು ಬಂದವರು ಕರೆಂಟ್ ಮೇಡಂ. ಜೊತೆಗೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಸಾವ್ಕಾರರಿದ್ದರು. ಅವರು ಕೊಳ್ಳುವ ಮನಸ್ಸು ಮಾಡಿಯಾಗಿತ್ತು. ಚೆಕ್ ಬುಕ್ಕು ಅಂಗಿಯ ಜೇಬಿನಿಂದ ಅರ್ಧ ಹೊರಗೆ ಬಂದಿತ್ತು.

"ಮಿಸ್ತ್ರಿ ಒಂದ್ ಸಲ ನೋಡ್ಲಿ. ಆಮ್ಯಾಲ ಸಹಿ ಮಾಡ್ತೀನಿ" ಎಂದರು.

ನಾನು ಗಾಡಿ ನೋಡುವ ರೀತಿ ಒಂದೇ. ಬಾನೆಟ್ಟಿನ ಮೇಲೆ ಕಿವಿ ಇಡುತ್ತೇನೆ. ಎಂಜಿನ್ನು ತನ್ನ ರೋಗ ತಾನೇ ಹೇಳುತ್ತದೆ.

"ಚಾಲೂ ಮಾಡ್ರಿ" ಎಂದೆ.

ಮೇಡಂ ಒಂದು ಗುಂಡಿ ಒತ್ತಿದರು. ಬಲಗಿವಿ ಇಟ್ಟೆ. ಏನೂ ಕೇಳಲಿಲ್ಲ. ಎಡಗಿವಿ ಇಟ್ಟೆ. ಅದಕ್ಕೂ ಏನೂ ಕೇಳಲಿಲ್ಲ. ಎದ್ದು ನಿಂತೆ.

"ಸತ್ತದ."

ಸಾವ್ಕಾರರು ಚೆಕ್ ಬುಕ್ಕನ್ನು ಒಳಕ್ಕೆ ತಳ್ಳಿ ಜೇಬಿನ ಗುಂಡಿ ಹಾಕಿಕೊಂಡರು.

"ಇಲ್ರೀ ಕಾಕಾ! ಚಾಲೂ ಅದ! ಇದು ಸಪ್ಪಳ ಮಾಡಂಗಿಲ್ಲ, ಅದೇ ಇದರ ಛಂದ!" ಮೇಡಂ ಕೂಗಿಕೊಂಡರು.

ಕೂಗು ಕೇಳಿ ಚಹಾದಂಗಡಿಯಿಂದ ನಾಲ್ಕು ಮಂದಿ ಎದ್ದು ಬಂದರು. ಒಬ್ಬೊಬ್ಬರಾಗಿ ಬಾನೆಟ್ಟಿಗೆ ಕಿವಿ ಇಟ್ಟು, ಒಬ್ಬೊಬ್ಬರಾಗಿ ತಲೆ ಅಲ್ಲಾಡಿಸಿದರು. ಹಿರಿಯರೊಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಸತ್ತವರ ಮನೆಯಲ್ಲಿ ಕೇಳುವ ದನಿಯಲ್ಲೇ ಮೇಡಂ ಅವರನ್ನು ಕೇಳಿದರು:

"ಮಣ್ಣು ಎಷ್ಟ್ ಗಂಟೇಕ್ರೀ ತಂಗಿ?"

2. ಪೇಡೆ

ಸುದ್ದಿ ವಾಡಿ ಮುಟ್ಟಲು ಒಂದು ದಿನ ಹಿಡಿಯಿತು. ಮರುದಿನ ಜೋಡಿ ಸಾಹೇಬರು ಪೇಡೆ ಡಬ್ಬಿ ಹಿಡಿದು ಬಂದರು. ಅವರ ಕಾರಿನಲ್ಲಿ ವಾಡಿಯ ಸಿಮೆಂಟ್ ಗುತ್ತಿಗೆದಾರ ಕುಳಿತಿದ್ದ.

"ಕಾಕಾ, ಸತ್ಯ ಹೇಳೋ ಮನಷ್ಯಾ ಅಂದ್ರ ನೀವು. ಈಗ ನಮ್ಮದಕ್ಕೂ ಕಿವಿ ಇಡ್ರಿ."

ಇಟ್ಟೆ. ಎಂಜಿನ್ನಿತ್ತು. ಸಪ್ಪಳ ಚೆನ್ನಾಗಿತ್ತು.

"ಕೇಳಾಕತ್ತದಲ್ಲ?"

"ಹ್ಞೂಂ."

ಸಾಹೇಬರು ಗುತ್ತಿಗೆದಾರನ ಕಡೆ ತಿರುಗಿದರು. "ಕೇಳಿದ್ರಿ? ಎಂಜಿನ್ನೂ ಅದ, ಮೋಟರೂ ಅದ. ಟಾಕಿನೂ ಅದ, ಬ್ಯಾಟರಿನೂ ಅದ. ಎಲ್ಲಾ ಎರಡೆರಡು!"

ಗುತ್ತಿಗೆದಾರ ನನ್ನನ್ನು ಕೇಳಿದ: "ನೀ ಏನಂತೀ ಮಿಸ್ತ್ರಿ?"

"ಬ್ಯಾರೆ ಗಾಡ್ಯಾಗ ಕೆಡೂದು ಒಂದೇ ಇರ್ತದ" ಎಂದೆ.

ಗುತ್ತಿಗೆದಾರ ಬಾಗಿಲು ತೆರೆದು ಇಳಿದ. ವಾಡಿಯ ಬಸ್ಸು ಬಂತು, ಹತ್ತಿ ಹೋದ.

ಸಾಹೇಬರು ಪೇಡೆ ಡಬ್ಬಿ ಎತ್ತಿಕೊಂಡರು. ಅಷ್ಟರಲ್ಲಿ ನಾನು ಒಂದು ತಿಂದಿದ್ದೆ. ಅವರು ಮುಚ್ಚಳ ತೆರೆದು ಆ ಖಾಲಿ ಜಾಗ ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು.

3. ನೆಲ

ಅಂದು ಊಟಕ್ಕೆ ಕುಳಿತಾಗ ಹೆಂಡತಿ ಶುರು ಮಾಡಿದಳು. ಮನೆಯ ಮಾತೆಲ್ಲ ಅವಳದೇ.

"ಏನ್ರೀ, ಎರಡ್ ದಿನದಾಗ ಇಬ್ಬರ ಹೊಟ್ಟಿ ಮ್ಯಾಲ ಕಾಲಿಟ್ರಿ. ನಮ್ಮ ಹೊಟ್ಟೀಗಿ ಏನ್ ಮಾಡ್ತೀರಿ?"

ಅವಳು ಹೇಳಿದ್ದು ಸುಳ್ಳಲ್ಲ. ನನಗೆ ಗೊತ್ತಿದ್ದದ್ದು ಡೀಸೆಲ್ ಗಾಡಿ. ಅವು ಕಡಿಮೆಯಾಗುತ್ತಿದ್ದವು. ಕೆಲವು ದಿನ ಸೈಕಲ್ಲಿಗೆ ಗಾಳಿ ಹಾಕುವುದು ಬಿಟ್ಟರೆ ಕೆಲಸವಿರಲಿಲ್ಲ. ಅವಳ ತಮ್ಮ ಯುಗಾದಿಗೆ ಗ್ಯಾರೇಜಿನ ಜಾಗ ಕೇಳಿದ್ದ. ಟೈಲ್ಸ್ ಅಂಗಡಿ ಹಾಕುತ್ತಾನಂತೆ. ಇಡೀ ಊರು ಕಲ್ಲಿನ ಮೇಲೆ ನಿಂತಿದೆ. ಇಲ್ಲಿನ ಹಾಸುಗಲ್ಲು ಎಲ್ಲೆಲ್ಲಿಗೋ ಹೋಗುತ್ತದೆ. ಅಂಥ ಶಹಾಬಾದದಲ್ಲಿ ಟೈಲ್ಸ್ ಅಂಗಡಿ, ಅದೂ ನನ್ನ ಗ್ಯಾರೇಜಿನಲ್ಲಿ.

"ಯುಗಾದಿತನಾ ನೋಡ್ತೀನಿ. ಆಮ್ಯಾಲ ಶಟರ್ ಇಳಸ್ರಿ" ಎಂದಳು.

ಆ ವಾರವೇ ಇಬ್ಬರೂ ಮಾರಾಟದವರಿಗೆ ಬುದ್ಧಿ ಬಂತು. ಕೆಡಿಸುವ ಬಾಯನ್ನು ಕೊಂಡುಬಿಟ್ಟರೆ ಮುಗಿಯಿತಲ್ಲ. ಬೇರೆ ಬೇರೆ ದಿನ ಬಂದು ಇಬ್ಬರೂ ಒಂದೇ ಮಾತು ಹೇಳಿದರು: ನಿಮ್ಮ ಗ್ಯಾರೇಜಿಗೆ ನಮ್ಮ ಕಂಪನಿಯ ಬೋರ್ಡು ಹಾಕುತ್ತೇವೆ, ಕೆಲಸ ಕಲಿಸುತ್ತೇವೆ, ಗಾಡಿ ಕಳಿಸುತ್ತೇವೆ. ಷರತ್ತೂ ಒಂದೇ: ಗೋಡೆಯ ಮೇಲೆ ಇನ್ನೊಂದು ಕಂಪನಿಯ ಬೋರ್ಡು ಇರಕೂಡದು.

ಒಂದು ಬೋರ್ಡು ಬಂದರೆ ಗ್ಯಾರೇಜು ಉಳಿಯುತ್ತದೆ. ಯಾವುದು ಎನ್ನುವುದೇ ತಿಳಿಯಲಿಲ್ಲ. ಒಂದರಲ್ಲಿ ರೋಗ ಕೇಳುವುದಿಲ್ಲ, ಇನ್ನೊಂದರಲ್ಲಿ ಎರಡು ಕೇಳುತ್ತವೆ. ಇಬ್ಬರಿಗೂ ನೋಡೋಣ ಎಂದೆ.

ಜೋಡಿ ಕಂಪನಿಯವರು ಜಾಗ ನೋಡಲು ದೊಡ್ಡ ಊರಿನಿಂದ ಒಬ್ಬ ಅಧಿಕಾರಿಯನ್ನು ಕಳಿಸಿದರು. ಹೊಳೆಯುವ ಬೂಟು, ಕೈಯಲ್ಲಿ ಅಳತೆ ಟೇಪು.

"ನೆಲಕ್ಕೆ ಏನು ಹಾಕಿದ್ದೀರಿ?"

"ಕಲ್ಲು."

"ನಮ್ಮ ನಿಯಮದ ಪ್ರಕಾರ ಬಿಳಿ ಟೈಲ್ಸ್ ಇರಬೇಕು."

ಮಂಚದಷ್ಟು ಎತ್ತರಕ್ಕೆ ಏರಿಸಿದ್ದ ಲಾರಿಯ ಗೇರ್ ಬಾಕ್ಸು ಅಲ್ಲೇ ಸರಪಳಿಗೆ ನೇತಾಡುತ್ತಿತ್ತು. ಕೊಕ್ಕೆ ಬಿಡಿಸಿದೆ. ಅದು ಬಿತ್ತು. ಚಹಾದಂಗಡಿಯ ಲೋಟಗಳು ಕುಣಿದವು. ಅಧಿಕಾರಿ ಬಾಗಿಲಲ್ಲಿದ್ದರು. ಅಲ್ಲಿಗೆ ಯಾವಾಗ ಹೋದರೋ ಕಾಣಲಿಲ್ಲ. ಕಲ್ಲಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ಟೈಲ್ಸ್ ತರ್ರಿ. ಅದರ ಮ್ಯಾಲೂ ಬಿಡ್ತೀನಿ" ಎಂದೆ.

ಅವರು ಬಾಗಿಲಲ್ಲೇ ನಿಂತು ಫಾರ್ಮಿನಲ್ಲಿ ಬರೆದರು: ನೆಲ ಚೆನ್ನಾಗಿದೆ.

4. ಜಗುಲಿ

ಚಿತ್ತಾಪುರದ ಕಿರಾಣಿ ವ್ಯಾಪಾರಿಯೊಬ್ಬರು ಜೋಡಿ ಕಾರು ಕೊಂಡಿದ್ದರು. ನಾಲ್ಕು ತಿಂಗಳಿಗೆ ಸಾಹೇಬರ ಜೊತೆ ಜಗಳಕ್ಕೆ ಬಿದ್ದರು. ಇಬ್ಬರೂ ನನ್ನ ಬಳಿ ಬಂದರು.

"ಪೆಟ್ರೋಲ್ ಉಳೀತದ ಅಂದ್ರಿ. ಹಳೇ ಗಾಡಿಗಿಂತ ಜಾಸ್ತಿ ಕುಡೀತದಲ್ರೀ ಇದು!"

ನಾನು ಕಾರನ್ನು ಒಂದು ಸುತ್ತು ಹಾಕಿದೆ. ಚಾರ್ಜ್ ಮಾಡುವ ಕಿಂಡಿಯ ಮೇಲೆ ಕಂಪನಿಯವರು ಅಂಟಿಸಿದ ಕಾಗದ ಹಾಗೇ ಇತ್ತು.

"ಒಮ್ಮೆನೂ ಚಾರ್ಜ್ ಮಾಡಿಲ್ಲ" ಎಂದೆ.

ಸಾಹೇಬರು ತಲೆ ಮೇಲೆ ಕೈ ಹೊತ್ತರು. "ಕೇಬಲ್ ಕೊಟ್ಟಿದ್ನಲ್ರೀ! ಎಲ್ಲದ ಅದು?"

"ದೇವರ ಮನ್ಯಾಗ."

ನಡೆದದ್ದು ಇಷ್ಟು. ಹೊಸ ಗಾಡಿಯ ಪೂಜೆಗೆ ಅಯ್ಯನವರು ಬಂದಾಗ ಮನೆಯವರು ಕೇಬಲ್ಲನ್ನೂ ತಟ್ಟೆಯಲ್ಲಿಟ್ಟಿದ್ದರು. ಅಯ್ಯನವರು ಅದಕ್ಕೂ ವಿಭೂತಿ ಹಚ್ಚಿ ಹೂ ಏರಿಸಿದರು. ವ್ಯಾಪಾರಿಯ ತಾಯಿ ಅದನ್ನು ಸುರುಳಿ ಸುತ್ತಿ ದೇವರ ಜಗುಲಿಯ ಮೇಲೆ ಇಟ್ಟವರು ಮತ್ತೆ ಇಳಿಸಿರಲಿಲ್ಲ. ದಿನಾ ಒಂದು ಹೂ ಬೀಳುತ್ತಿತ್ತು.

ಸಾಹೇಬರು ನನ್ನನ್ನೂ ಎಳೆದುಕೊಂಡು ಚಿತ್ತಾಪುರಕ್ಕೆ ಹೋದರು. ಮುದುಕಿಗೆ ಕೈಮುಗಿದು ಕೇಳಿದರು.

"ಅವ್ವಾ, ಅದನ್ನ ಗಾಡೀಗಿ ಹಚ್ಚಬೇಕ್ರಿ."

"ಪೂಜಾ ಆದ ಸಾಮಾನು ನೆಲಕ್ಕ ಎಳೆದಾಡಂಗಿಲ್ಲಪ್ಪಾ."

"ಅದಿಲ್ದ ಚಾರ್ಜ್ ಆಗಂಗಿಲ್ರಿ."

"ನೀನೇ ಹೇಳಿದ್ಯಂತ, ಚಾರ್ಜ್ ಇಲ್ಲದಿದ್ರೂ ಈ ಗಾಡಿ ಓಡ್ತದ ಅಂತ. ಅದಕ್ಕೇ ಅಲ್ಲೇನು ಆ ಹುಡುಗೀ ಗಾಡಿ ಬಿಟ್ಟು ನಿಂದು ತಗೊಂಡದ್ದು?"

ಹೌದು, ಸಾಹೇಬರು ಅದೇ ಮಾತು ಹೇಳಿ ಮಾರಿದ್ದರು.

"ಮತ್ತ ಓಡಾಕತ್ತದಲ್ಲ? ಅದು ಇಲ್ಲಿ ಕುಂತದ ಅಂತೇ ಓಡಾಕತ್ತದ" ಎಂದು ಮುದುಕಿ ಅವರ ಕೈಗೂ ಒಂದು ಹೂ ಕೊಟ್ಟಳು. ಸಾಹೇಬರು ಅದನ್ನು ಕೇಬಲ್ಲಿನ ಮೇಲೆ ಹಾಕಿ ಬಂದರು.

5. ಗೆಜ್ಜೆ

ಇದನ್ನು ಕೇಳಿ ಹೆಚ್ಚು ನಕ್ಕವರು ಕರೆಂಟ್ ಮೇಡಂ. ಅವರ ಸರದಿ ಚಿಂಚೋಳಿ ಕಡೆ ಕಾದಿತ್ತು.

ಐನಾಪುರದ ಒಬ್ಬ ರೈತ ಕರೆಂಟ್ ಕಾರು ಕೊಂಡ. ಸಪ್ಪಳವಿಲ್ಲದ ಗಾಡಿ. ದಾರಿಯಲ್ಲಿ ದನಗಳು ಸರಿಯಲೊಲ್ಲವು. ಹಾರ್ನ್ ಹೊಡೆದರೆ ಬೆದರಿ ಗಾಡಿಯ ಮೇಲೇ ಬರುತ್ತಿದ್ದವು. ಅವನ ಮನೆಯಲ್ಲಿ ಎತ್ತಿನ ಕೊರಳಿನ ಎರಡು ಗೆಜ್ಜೆ ಸರ ಇದ್ದವು. ಎತ್ತುಗಳನ್ನು ಹಿಂದಿನ ವರ್ಷ ಕೊಡ್ಲಿ ಊರಿನ ಒಬ್ಬನಿಗೆ ಮಾರಿದ್ದ. ಸರ ಕೊಟ್ಟಿರಲಿಲ್ಲ. ಅವನ್ನು ತಂದು ಕಾರಿನ ಮುಂಭಾಗಕ್ಕೆ ಕಟ್ಟಿದ. ಘಲ್ ಘಲ್ ಎನ್ನುತ್ತಲೇ ದನಗಳು ತಾವಾಗಿ ದಾರಿ ಬಿಟ್ಟವು. ಮೇಡಂ ಖುಷಿಯಾಗಿ ವಿಡಿಯೋ ಮಾಡಿ ಐದೂ ಊರಿಗೆ ಕಳಿಸಿದರು.

ಮುಂದಿನ ವಾರ ಅವನು ಕೊಡ್ಲಿಗೆ ಹೋದ. ಮಧ್ಯಾಹ್ನ ನನಗೆ ಫೋನು ಬಂತು.

"ಮಿಸ್ತ್ರಿ, ಗಾಡಿ ಬಾಜೂಕ ಎತ್ತು ಬಂದಾವ."

"ಯಾರವು?"

"ಮದ್ಲ ನನ್ನವೇ. ಗೆಜ್ಜಿ ಗುರ್ತು ಹಿಡದು ಹಗ್ಗ ಹರಕೊಂಡು ಬಂದಾವ. ಬಲಕ್ಕ ಒಂದು, ಎಡಕ್ಕ ಒಂದು. ನಾ ನಿಂತ್ರ ನಿಂದರ್ತಾವ, ಹೊಂಟ್ರ ಹೊಂಡ್ತಾವ. ತಗೊಂಡವ ಹಿಂದ ಬಡಿಗಿ ಹಿಡದು ಓಡಿ ಬರಾಕತ್ತಾನ. ಏನ್ ಮಾಡ್ಲಿ?"

"ಗೆಜ್ಜಿ ಬಿಚ್ಚಿ ಅವನ ಕೈಗಿ ಕೊಡು" ಎಂದೆ. ಕೊಟ್ಟ. ಎತ್ತು ಗೆಜ್ಜೆಯ ಹಿಂದೆ ಹೋದವು.

ಜೋಡಿ ಸಾಹೇಬರಿಗೆ ಸುದ್ದಿ ಮುಟ್ಟಿತು. ಅವರು ಚಹಾದಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

"ನೋಡ್ರಿ, ಬರೀ ಕರೆಂಟಿನ ಮ್ಯಾಲ ಆಗಂಗಿಲ್ಲ ಅಂತ ನಾ ಹೇಳಿದ್ದಿಲ್ಲೇನು? ಕಡೀಕ ಅದಕ್ಕೂ ಜೋಡಿ ಬೇಕಾತು!"

6. ನಾಲ್ಕು ಹೆಜ್ಜೆ

ಯುಗಾದಿಗೆ ಎಂಟು ದಿನ ಉಳಿದಿತ್ತು. ಹೆಂಡತಿಯ ತಮ್ಮ ಟೈಲ್ಸಿನ ಮಾದರಿಗಳನ್ನು ತಂದು ನನ್ನ ಶಟರಿಗೆ ಒರಗಿಸಿಟ್ಟು ಹೋದ. ನಾನು ಇನ್ನೂ ಯಾವ ಬೋರ್ಡು ಎಂದು ಹೇಳಿರಲಿಲ್ಲ. ಹೆಂಡತಿಯೇ ಇಬ್ಬರನ್ನೂ ಕರೆಸಿದಳು.

"ಇವರು ಬಾಯಿ ಬಿಡಂಗಿಲ್ಲ. ನಾ ಹೇಳ್ತೀನಿ. ನಾಡದು ಚಿಂಚೋಳಿ ಸಂತಿ. ಇಲ್ಲಿಂದ ಇಬ್ಬರೂ ಹೊಂಡ್ರಿ. ಯಾರ ಗಾಡಿ ಮದ್ಲ ಸಂತಿ ಮುಟ್ತದೋ ಅವರ ಬೋರ್ಡು."

ಇಬ್ಬರೂ ಒಪ್ಪಿದರು. ಯಾರ ಕಾರಿನಲ್ಲಿ ಕುಳಿತರೂ ಇನ್ನೊಬ್ಬರಿಗೆ ಸಿಟ್ಟು. ಅದಕ್ಕೆ ನಾನು ನನ್ನ ಹಳೇ ಡೀಸೆಲ್ ಜೀಪು ತೆಗೆದೆ. ಪಕ್ಕದಲ್ಲಿ ಹೆಂಡತಿ. ಹಿಂದೆ ಪಾಲಿಶ್ ಸಾವ್ಕಾರರು. ಅವರು ಇನ್ನೂ ಯಾವ ಕಾರೂ ಕೊಂಡಿರಲಿಲ್ಲ. ಚೆಕ್ ಬುಕ್ಕು ಜೇಬಿನಲ್ಲೇ ಇತ್ತು.

ಹಿಂದಿನ ದಿನ ಲೈನಿನ ದುರಸ್ತಿ ಎಂದು ಊರಿಗೇ ಕರೆಂಟಿರಲಿಲ್ಲ. ಮೇಡಂ ಕಾರಿನಲ್ಲಿ ಸೇಡಂ ಮುಟ್ಟುವಷ್ಟು ಮಾತ್ರ ಚಾರ್ಜಿತ್ತು. ಸಾಹೇಬರು ಟಾಕಿ ತುಂಬಿಸಿಕೊಂಡು ಹಲ್ಲು ಕಿರಿಯುತ್ತ ಹೊರಟರು. ವಾಡಿ ಹೋಯಿತು, ಚಿತ್ತಾಪುರ ಹೋಯಿತು. ಸಾಹೇಬರು ಮುಂದೆ, ಮೇಡಂ ಹಿಂದೆ, ನಾವು ಅವರ ಧೂಳಿನಲ್ಲಿ.

ಸೇಡಂನಲ್ಲಿ ನನ್ನ ಹಳೇ ಗೆಳೆಯನಿದ್ದಾನೆ. ಮೂವತ್ತು ವರ್ಷ ಲಾರಿ ಓಡಿಸಿದ ಸಾಬ. ಮನೆಗೆ ಹತ್ತಿದಂತೆ ವೆಲ್ಡಿಂಗ್ ಅಂಗಡಿ ಇದೆ. ಮೇಡಂ ಅಲ್ಲೊಂದು ಚಾರ್ಜರ್ ಹಾಕಿಸಿದ್ದರು. ನಾವು ಮುಟ್ಟುವಾಗ ಗೆಳೆಯ ನಡುರಸ್ತೆಯಲ್ಲಿ ಕೈ ಅಗಲಿಸಿ ನಿಂತಿದ್ದ. ಜೋಡಿ ಕಾರನ್ನೂ ತಡೆದಿದ್ದ.

"ಅರೇ ಸಾಹೇಬ್! ನಮ್ಮ ಬಾಗಲ ಮುಂದಿಂದ ಹಂಗೇ ಹೊಂಟೀರೇನು?"

"ನನ್ನ ಗಾಡೀಗಿ ಚಾರ್ಜ್ ಬ್ಯಾಡ್ರಿ ಚಾಚಾ. ಪೆಟ್ರೋಲ್ ಅದ."

"ಗಾಡೀಗಿ ಬ್ಯಾಡ. ನಿಮಗ ಬ್ಯಾಡೇನು? ಇಳೀರಿ!"

ಊಟಕ್ಕೆ ಕೂರುವ ದಸ್ತರಖಾನು ಹಾಸಿಯಾಗಿತ್ತು. ಮಸಾಲೆ ಅನ್ನದ ತಹರಿ, ಹುಳಿ ಖಟ್ಟಾ, ಆಮೇಲೆ ಶಾವಿಗೆಯ ಖೀರು. ಸಾಹೇಬರು ಐದು ನಿಮಿಷಕ್ಕೆ ಏಳಲು ನೋಡಿದರು. ತಟ್ಟೆಗೆ ಮತ್ತೊಂದು ಸಲ ತಹರಿ ಬಿತ್ತು. ಹತ್ತು ನಿಮಿಷಕ್ಕೆ ಏಳಲು ನೋಡಿದರು. "ರುಚಿ ಆಗಿಲ್ಲೇನು?" ಎಂದು ಒಳಗಿನಿಂದ ಹೆಣ್ಣುಮಕ್ಕಳ ದನಿ ಬಂತು. ಮತ್ತೆ ಕುಳಿತರು. ಪೆಟ್ರೋಲ್ ಟಾಕಿ ಐದು ನಿಮಿಷದಲ್ಲಿ ತುಂಬುತ್ತದೆ. ಸೇಡಂನಲ್ಲಿ ಮನೆಗೆ ಬಂದವರನ್ನು ಐದು ನಿಮಿಷದಲ್ಲಿ ತುಂಬಿಸಿ ಕಳಿಸುವ ಪದ್ಧತಿ ಇಲ್ಲ. ಎರಡು ಗಂಟೆ ಕಳೆದ ಮೇಲೆ ಎಲ್ಲರೂ ಕೈ ತೊಳೆದೆವು. ಅಷ್ಟರಲ್ಲಿ ಮೇಡಂ ಕಾರಿನ ಹೊಟ್ಟೆಯೂ ಸಾಕಷ್ಟು ತುಂಬಿತ್ತು.

ಎರಡೂ ಕಾರು ಒಟ್ಟಿಗೇ ಹೊರಟವು. ಒಟ್ಟಿಗೇ ಚಿಂಚೋಳಿ ಮುಟ್ಟಿದವು. ಸಂತೆಯ ಮಂದಿಯಲ್ಲಿ ಅರ್ಧ ಇದು ಮೊದಲು ಎಂದರು, ಅರ್ಧ ಅದು ಮೊದಲು ಎಂದರು. ಹೆಂಡತಿ ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ.

ಇನ್ನು ಮಂದಿಯೇ ತೀರ್ಮಾನಿಸಲಿ ಎಂದು ಇಬ್ಬರೂ ಅಂಗಡಿ ತೆರೆದರು. ನಾಲ್ಕೂ ಬಾಗಿಲು ತೆಗೆದರು. ಎಲ್ಲ ದೀಪ ಹಚ್ಚಿದರು. "ಗಾಡಿ ಬಂದ್ ಇದ್ರೂ ಹಾಡು ನಡೀತದ ನೋಡ್ರಿ!" ಎಂದು ಮೇಡಂ ತತ್ವಪದ ಹಾಕಿದರು. ಸಾಹೇಬರು ಅದಕ್ಕಿಂತ ಜೋರಾಗಿ ಸಿನಿಮಾ ಹಾಡು ಹಾಕಿದರು. ಮೇಡಂ ಇನ್ನೂ ಏರಿಸಿದರು. ಮೆಣಸಿನಕಾಯಿ ಮಾರುವವರು ಕಿವಿಗೆ ಸೆರಗು ಒತ್ತಿಕೊಂಡರು. ಒಂದೂವರೆ ಗಂಟೆ ಹೀಗೇ ನಡೆಯಿತು.

ಆಮೇಲೆ ಮೇಡಂ ಕಾರಿನ ಹಾಡು ಅರ್ಧಕ್ಕೆ ನಿಂತಿತು. ದೀಪ ಆರಿದವು. ಗುಂಡಿ ಒತ್ತಿದರು, ಏನೂ ಆಗಲಿಲ್ಲ.

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆ ನಗು ಮುಗಿಯುವ ಮೊದಲೇ ಅವರ ಹಾಡೂ ನಿಂತಿತು.

ಎಲ್ಲರೂ ನನ್ನ ಕಡೆ ತಿರುಗಿದರು. ಹೋದೆ. ಮೇಡಂ ಕಾರಿನ ಬಾನೆಟ್ಟಿಗೆ ಕಿವಿ ಇಟ್ಟೆ.

"ಈಗ ಸತ್ತದ" ಎಂದೆ.

ಸಾಹೇಬರ ಕಾರಿಗೆ ಇಟ್ಟೆ. "ಇದೂ."

ಇಬ್ಬರೂ ಎರಡು ಮೂಲೆಗೆ ಹೋಗಿ ತಮ್ಮ ತಮ್ಮ ಕಂಪನಿಗೆ ಫೋನು ಮಾಡಿದರು. "ಹತ್ತಿರದ ನಮ್ಮ ಮಿಸ್ತ್ರಿಗೆ ಹೇಳ್ತಾರಂತ, ಈಗ ಬರ್ತಾರಂತ" ಎಂದರು ಮೇಡಂ. "ನಮ್ಮವರೂ ಅದೇ ಅಂದ್ರು" ಎಂದರು ಸಾಹೇಬರು.

ಆಗ ನನ್ನ ಜೇಬಿನ ಫೋನು ಬಡಿದುಕೊಂಡಿತು.

"ನಮಸ್ಕಾರ ಸರ್. ಶಹಾಬಾದಿನ ನಮ್ಮ ಅಧಿಕೃತ ಸರ್ವಿಸ್ ಕೇಂದ್ರದವರು ತಾನೇ? ಚಿಂಚೋಳಿಯಲ್ಲಿ ನಮ್ಮ ಕಾರು ನಿಂತುಹೋಗಿದೆ. ಅಲ್ಲಿಗೆ ತಲುಪಲು ನಿಮಗೆ ಎಷ್ಟು ಹೊತ್ತು ಬೇಕು?"

ಮೇಡಂ ಕಾರಿನ ಕಡೆ ನೋಡಿದೆ.

"ನಾಲ್ಕು ಹೆಜ್ಜಿ" ಎಂದು ಫೋನು ಇಟ್ಟೆ.

ಮತ್ತೆ ಬಡಿಯಿತು. ಬೇರೆ ಕಂಪನಿ, ಬೇರೆ ದನಿ, ಅದೇ ಪ್ರಶ್ನೆ. ಸಾಹೇಬರ ಕಾರು ಸ್ವಲ್ಪ ಆಚೆ ಇತ್ತು.

"ಆರು" ಎಂದೆ.

ಇಬ್ಬರೂ ತಲೆ ತಗ್ಗಿಸಿದರು. ನಾನು ಹ್ಞೂಂ ಅನ್ನುವ ಮೊದಲೇ, ಎಂದೋ, ಇಬ್ಬರೂ ನನ್ನ ಹೆಸರು ತಮ್ಮ ಕಂಪನಿಗೆ ಬರೆಸಿಬಿಟ್ಟಿದ್ದರು.

"ಛಲೋ ಆತು ಬಿಡ್ರಿ. ಕೇಳದೇನೇ ಎರಡ್ ಮನೀಗಿ ಸೊಸಿ ಆಗೀರಿ" ಎಂದಳು ಹೆಂಡತಿ.

ನಾನು ಎರಡೂ ಬಾನೆಟ್ಟು ಎತ್ತಿಸಿ ಒಳಗೆ ನೋಡಿದೆ. ಕಾರಿನ ತಳಕ್ಕೆ ಹಾಸಿದ ದೊಡ್ಡ ಬ್ಯಾಟರಿ ಬೇರೆ. ಅದನ್ನು ಎಬ್ಬಿಸಲು ಮೂಲೆಯಲ್ಲೊಂದು ಸಣ್ಣ ಬ್ಯಾಟರಿ ಇದೆ. ನನ್ನ ಜೀಪಿನಲ್ಲಿ ಇರುವಂಥದ್ದೇ. ಎರಡರಲ್ಲೂ ಅದೇ. ಹಾಡು ಅದನ್ನು ಹಿಂಡಿ ಹಾಕಿತ್ತು. ನಲವತ್ತು ವರ್ಷದಿಂದ ನಾನು ನೋಡುತ್ತ ಬಂದ ರೋಗ ಇದು. ಟೈಲ್ಸಿನ ಮಾದರಿಗಳನ್ನು ಎಲ್ಲಿ ಎತ್ತಿಡಬೇಕು ಎಂದು ಆಗಲೇ ಯೋಚನೆ ಮಾಡಿದೆ.

ಜೀಪು ತಂದು ನಡುವೆ ನಿಲ್ಲಿಸಿದೆ. ಎಂಜಿನ್ ಚಾಲೂ ಬಿಟ್ಟು, ಅದರ ಬ್ಯಾಟರಿಗೆ ವೈರು ಸಿಕ್ಕಿಸಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ನಿಂತೆ.

"ಬೋರ್ಡು ಎರಡೂ" ಎಂದೆ.

"ಕಂಪನಿ ಕಾಯ್ದೆದಾಗ ಇಲ್ರಿ ಕಾಕಾ" ಎಂದರು ಸಾಹೇಬರು.

"ನಮ್ಮವರೂ ಒಪ್ಪಂಗಿಲ್ರಿ" ಎಂದರು ಮೇಡಂ.

ನಾನು ವೈರು ಸುತ್ತಲು ಶುರು ಮಾಡಿದೆ.

"ಎರಡೂ! ಎರಡೂ!" ಇಬ್ಬರೂ ಒಟ್ಟಿಗೆ ಕೂಗಿದರು. ಆ ಒಂದು ವರ್ಷದಲ್ಲಿ ಇಬ್ಬರ ಬಾಯಿಂದ ಒಂದೇ ಗಳಿಗೆಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು.

ಮೊದಲು ಮೇಡಂ ಕಾರಿಗೆ ಹಚ್ಚಿದೆ. ಎದ್ದಿತು. ಆಮೇಲೆ ಸಾಹೇಬರದಕ್ಕೆ. ಅದೂ ಎದ್ದಿತು. ಎರಡೂ ಹಾಡು ನಿಂತಲ್ಲಿಂದಲೇ ಮುಂದುವರಿದವು. ಸಂತೆಯವರು ಚಪ್ಪಾಳೆ ಹೊಡೆದರು.

ವೈರು ಬಿಚ್ಚಿ ಜೀಪು ಹತ್ತಿದೆ. ಎಂಜಿನ್ನಿನ ಸಪ್ಪಳವಿರಲಿಲ್ಲ.

"ಎರಡನೇ ಗಾಡೀಗಿ ಹಚ್ಚೂ ಮುಂದ ನಾನೇ ಬಂದ್ ಮಾಡೀನಿ. ಸುಮ್ನ ಎಣ್ಣಿ ಸುಡಾಕತ್ತಿತ್ತು" ಎಂದಳು ಹೆಂಡತಿ.

ಕೀಲಿ ತಿರುಗಿಸಿದೆ. ಖಟ್ ಎಂದಿತು. ಮತ್ತೆ ತಿರುಗಿಸಿದೆ. ಖಟ್ ಅನ್ನುವುದನ್ನೂ ಬಿಟ್ಟಿತು.

"ನಮ್ಮ ಗಾಡಿಯಿಂದ ಕರೆಂಟ್ ಕೊಡೂಣ್ರೀ ಕಾಕಾ?" ಎಂದು ಇಬ್ಬರೂ ಓಡಿ ಬಂದರು.

"ಬ್ಯಾಡ. ಮತ್ತ ಸಾಯ್ತಾವ. ದಬ್ರಿ."

ಎಡಕ್ಕೆ ಮೇಡಂ, ಬಲಕ್ಕೆ ಸಾಹೇಬರು, ಭುಜ ಕೊಟ್ಟು ದಬ್ಬಿದರು. ಚಿಂಚೋಳಿ ಬಜಾರು ಎರಡೂ ಬದಿ ಸಾಲಾಗಿ ನಿಂತು ನೋಡಿತು. "ಜೋರ್ ದಬ್ರಿ! ಉಂಡ ತಹರಿ ಎಲ್ಲಿ ಹೋತು?" ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು. ಸಾವ್ಕಾರರು ಇಳಿಯಲಿಲ್ಲ. ಹಿಂದೆ ಕುಳಿತೇ, ಜೇಬಿನ ಚೆಕ್ ಬುಕ್ಕಿನ ಮೇಲೆ ಕೈ ಇಟ್ಟುಕೊಂಡು ಕೇಳಿದರು:

"ಮಿಸ್ತ್ರಿ, ಆಕೀದು ಕರೆಂಟಿನ ಮ್ಯಾಲ ಓಡ್ತದ. ಇವರದು ಎರಡರ ಮ್ಯಾಲ ಓಡ್ತದ. ನಿನ್ನ ಜೀಪು ಯಾತರ ಮ್ಯಾಲ ಓಡ್ತದ?"

ಹಿಂದಿನ ಕನ್ನಡಿಯಲ್ಲಿ ಇಬ್ಬರ ಬೆವರಿದ ಮುಖ ಒಂದರ ಪಕ್ಕ ಒಂದು ಕಾಣುತ್ತಿತ್ತು.

"ಕಾರ್ ಮಾರೋವರ ಮ್ಯಾಲ" ಎಂದೆ.